ಚುಚ್ಚಿಸಿಕೊಂಡವರು ಹೊಳೆ ದಾಟಬಾರದು

ಮಳೆಗಾಲದಲ್ಲಿ ನಮ್ಮ ಕಡೆ ಹೆಚ್ಚಿನವರ ಅಂಗಾಲು ಕಪ್ಪು. ಕೆಸರಿನಲ್ಲಿ ಓಡಾಡಿ ಕಾಲು ಕೊಳೆತು ಹುಣ್ಣಾಗುತ್ತದೆ, ಅದಕ್ಕೆ ಮದ್ದು ಗೇರೆಣ್ಣೆ, ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ. ಹಚ್ಚಿದ ಜಾಗ ಮೊದಲು ಉರಿಯುತ್ತದೆ, ಆಮೇಲೆ ಕಪ್ಪಾಗುತ್ತದೆ. ಆ ಚರ್ಮ ಸುಲಿದು ಹೊಸದು ಬರುವ ತನಕ ಎಷ್ಟು ತೊಳೆದರೂ ಕಪ್ಪು ಹೋಗುವುದಿಲ್ಲ. ಹಾಗಾಗಿ ನನ್ನ ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಕಪ್ಪು ಮಚ್ಚೆ ಬಂದು ಕೂತಾಗ ಮನೆಯಲ್ಲಿ ಯಾರಿಗೂ ಅದು ಕಾಯಿಲೆಯಾಗಿ ಕಾಣಲಿಲ್ಲ. ಪ್ರತಿ ಮಳೆಗಾಲ ನನ್ನ ಕಾಲಿಗೆ ತಾವೇ ಕೂತು ಗೇರೆಣ್ಣೆ ಹಚ್ಚುತ್ತಿದ್ದ ಅತ್ತೆ ಆ ವರ್ಷ ಮಚ್ಚೆಯ ಮೇಲೂ ಹಚ್ಚಿದರು.

ನಾನು ಆರೋಗ್ಯ ಇಲಾಖೆಯ ನರ್ಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದುವವರು "ಇವಳಿಗೆ ಅಷ್ಟೂ ಗೊತ್ತಾಗಲಿಲ್ವಾ" ಎಂದು ಕೇಳಿಯೇ ಕೇಳುತ್ತಾರೆ. ಗೊತ್ತಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಅದು ಕಾಲಿನ ಬುಡದಲ್ಲಿತ್ತು.

ಎನ್.ಆರ್. ಪುರದಲ್ಲಿ ನಮ್ಮ ಮನೆ. ಭದ್ರೆಯ ಹಿನ್ನೀರಿನ ಅಂಚಿನ ಊರುಗಳು ನನ್ನ ಪಾಲಿಗೆ ಬಂದಿದ್ದವು. ಮಂಗನ ಕಾಯಿಲೆಯ ಲಸಿಕೆ ಹಾಕುವುದು ಅಲ್ಲಿ ನನ್ನ ದೊಡ್ಡ ಕೆಲಸ, ಅದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಆ ಲಸಿಕೆ ಉರಿಯುತ್ತದೆ. ಒಮ್ಮೆ ಹಾಕಿಸಿಕೊಂಡವರು ಎರಡನೇ ಸಲ ನನ್ನನ್ನು ಕಂಡರೆ ಕಾಡಿನ ದಾರಿ ಹಿಡಿಯುತ್ತಿದ್ದರು. ಹಿನ್ನೀರಿನ ಆಚೆ ದಡದ ಕೂಲಿಯವರ ಕೇರಿಯವರದ್ದು ಮಾತ್ರ ಬೇರೆಯೇ ರಾಗ. ಅವರು ದೋಣಿಯಲ್ಲಿ ಈಚೆ ಬಂದು, ಶಾಲೆಯ ಜಗಲಿಯಲ್ಲಿ ಕೂತು, ನಾನು ಕೊಟ್ಟ ಚಾ ಕುಡಿದು, ನಾನು ಸೂಜಿ ಕೈಗೆ ತೆಗೆದುಕೊಂಡ ಕೂಡಲೇ ಎದ್ದು ನಿಲ್ಲುತ್ತಿದ್ದರು.

"ಚುಚ್ಚಿಸ್ಕೊಂಡವರು ಹೊಳೆ ದಾಟ್ಬಾರ್ದು ಸಿಸ್ಟ್ರೇ. ಮದ್ದು ನೀರಿಗೆ ಹೋತದೆ. ನಮ್ ಮನೆ ಆಚೆಗದೆ, ಎಂತ ಮಾಡದು?"

ಇದನ್ನು ಹೇಳುತ್ತಿದ್ದವಳು ಗಿರಿಜಕ್ಕ. ತೋಟದ ಕೂಲಿ, ನನಗಿಂತ ಸ್ವಲ್ಪ ದೊಡ್ಡವಳು, ಕೇರಿಯವರ ಪರವಾಗಿ ಮಾತಾಡುವವಳು ಅವಳೇ. ನಾಟಿ ಮದ್ದಿಗೆ ನಮ್ಮಲ್ಲಿ ಹಳೆಯ ಕಟ್ಟಳೆ ಇದು: ಮದ್ದು ತೆಗೆದುಕೊಂಡವರು ಹರಿಯುವ ನೀರು ದಾಟಿದರೆ ಮದ್ದಿನ ಗುಣ ನೀರು ಪಾಲು. ಸರ್ಕಾರದ ಲಸಿಕೆಗೆ ಆ ಕಟ್ಟಳೆ ಇಲ್ಲವೆಂದು ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡೆ. ಹಿನ್ನೀರು ಹರಿಯುವುದಿಲ್ಲ, ನಿಂತ ನೀರು ಎಂದು ವಾದಿಸಿಯೂ ನೋಡಿದೆ. "ನೀರು ನೀರೇ" ಎಂದು ಗಿರಿಜಕ್ಕ ದೋಣಿ ಹತ್ತಿದಳು.

ಅದೇ ಗಿರಿಜಕ್ಕ ಒಂದು ಬೇಸಗೆಯಲ್ಲಿ, ನಾನು ಹಿನ್ನೀರಿನ ಕಲ್ಲಿನ ಮೇಲೆ ಕೂತು ಕಾಲು ತೊಳೆಯುತ್ತಿದ್ದಾಗ, ದೋಣಿಯಿಂದಲೇ ಬಗ್ಗಿ ನೋಡಿದಳು.

"ಇದೆಂತ ಸಿಸ್ಟ್ರೇ, ಯುಗಾದಿ ಕಳೀತು, ನಿಮ್ ಗೇರೆಣ್ಣೆ ಇನ್ನೂ ಹೋಗ್ಲಿಲ್ವಲ್ಲ?"

ನಾನು ಕಾಲು ಮಡಚಿ ನೋಡಿಕೊಂಡೆ. ಉಳಿದ ಅಂಗಾಲೆಲ್ಲ ಬಿಳಿಚಿಕೊಂಡಿತ್ತು. ಹಿಮ್ಮಡಿಯ ಮಚ್ಚೆ ಮಾತ್ರ ಹಾಗೇ ಇತ್ತು, ಅಂಚು ಒಂದು ಕಡೆ ಹರಡಿತ್ತು, ನಡುವೆ ಸಣ್ಣ ಗಂಟು. ನೀರು ತಣ್ಣಗಿತ್ತು, ಬಿಸಿಲು ಚೆನ್ನಾಗಿತ್ತು, ಎಲ್ಲೋ ಮರಕುಟಿಗ ಕುಟ್ಟುತ್ತಿತ್ತು. ನನಗೆ ಮೈಯೆಲ್ಲ ಹಗುರಾಗಿ, ಆ ಕಾಲು ಬೇರೆ ಯಾರದ್ದೋ ಅನ್ನಿಸಿತು.

ಅಲ್ಲಿಂದ ಮುಂದಿನದೆಲ್ಲ ನನ್ನ ನೆನಪಿನಲ್ಲಿ ಸಾಲಾಗಿ ಇಲ್ಲ. ಆ ವರ್ಷವನ್ನು ನೆನೆದರೆ ದಿನಗಳು ನೆನಪಾಗುವುದಿಲ್ಲ, ನೀರು ನೆನಪಾಗುತ್ತದೆ. ಕೊಪ್ಪ ದಾಟಿ, ತುಂಗೆಯ ಸೇತುವೆ ದಾಟಿ, ಆಗುಂಬೆಯಲ್ಲಿ ಮಿನಿ ಬಸ್ಸು ಹತ್ತಿ ಘಟ್ಟ ಇಳಿದು, ಬೆವರುವ ಕರಾವಳಿಯ ದೊಡ್ಡ ಆಸ್ಪತ್ರೆಗೆ ನಾನೂ ನಮ್ಮನೆಯವರೂ ಹೋದೆವು. ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಕಾದು ಕೂತ ಕೋಣೆಯಲ್ಲಿ ಒಂದು ಫ್ಯಾನು ಪ್ರತಿ ಸುತ್ತಿಗೂ ಕಿರ್ರೆನ್ನುತ್ತಿತ್ತು. ಎದುರಿನ ಬೆಂಚಿನಲ್ಲಿದ್ದ ಮುದುಕರೊಬ್ಬರು ಮೀನಿನ ವ್ಯಾಪಾರದವರಂತೆ, ಬೆನ್ನಿನ ಮೇಲೆ ಅವರಿಗೂ ಇಂಥದೇ ಮಚ್ಚೆ. "ಫ್ಯಾನಿಗೆ ಎಣ್ಣೆ ಬಿಡ್ಲಿಕ್ಕೆ ಇವ್ರಲ್ಲಿ ಡಾಕ್ಟ್ರಿಲ್ಲ" ಎಂದು ಅವರು ಮೆಲ್ಲಗೆ ಹೇಳಿದರು. ನಾನು ನಕ್ಕೆ. ನಗುತ್ತಿರುವಾಗಲೇ ನನ್ನ ಹೆಸರು ಕೂಗಿದರು.

ಡಾಕ್ಟರು ನನಗಿಂತ ಚಿಕ್ಕ ಹೆಂಗಸು. ಮೆಲನೋಮ, ಚರ್ಮದ ಕ್ಯಾನ್ಸರು, ಎಂದರು. ನಾನು ಅರ್ಥವಾದವಳ ಹಾಗೆ ತಲೆಯಾಡಿಸಿದೆ. ನಮ್ಮನೆಯವರು ಮಾತು ಕಡಿಮೆಯ ಮನುಷ್ಯ, ಪಂಪು, ಸ್ಪ್ರೇಯರು ರಿಪೇರಿ ಮಾಡುವವರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಇವ್ಳು ನಡೀಬೋದಾ?"

ಬದುಕುತ್ತಾಳಾ ಎಂದು ಕೇಳಲಿಲ್ಲ. ಆಗ ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ನಡೆಯದ ನಾನು ಹೇಗಿರುತ್ತೇನೆಂದು ಅವರಿಗೆ ಊಹಿಸಲು ಆಗಲಿಲ್ಲ ಅಷ್ಟೇ. ಮದುವೆಯಾದಾಗಿನಿಂದ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಗೇಟು ದಾಟುವವಳನ್ನೇ ಅವರು ನೋಡಿದ್ದು.

ಹಿಮ್ಮಡಿಯನ್ನು ಕೆತ್ತಿ ತೆಗೆದರು. ತೊಡೆಯ ಚರ್ಮ ತಂದು ಅಲ್ಲಿಗೆ ಹೊದಿಸಿದರು. ಎಡ ತೊಡೆಸಂದಿನ ಗಂಟುಗಳನ್ನೂ ತೆಗೆದರು, ಅದರಲ್ಲಿ ಕಾಯಿಲೆ ಇತ್ತು. ಅಂದರೆ ಅದು ಹಿಮ್ಮಡಿಯಿಂದ ಹೊರಟು ನನಗಿಂತ ಮುಂಚೆ ದಾರಿ ನಡೆದಾಗಿತ್ತು. ಇನ್ನೆಲ್ಲಿಗೆ ಹೋಗಿದೆ ಎಂದರೆ ಯಾರಿಗೂ ಗೊತ್ತಿಲ್ಲ. ನನಗೆ ಭಯವಾಯಿತು. ಭಯವೆಂದರೆ ಎದೆ ಹೊಡೆದುಕೊಳ್ಳುವುದು ಅಂದುಕೊಂಡಿದ್ದೆ. ಹಾಗಲ್ಲ, ಅನ್ನ ಕಲಸಿ ತುತ್ತು ಕೈಯಲ್ಲಿ ಹಿಡಿದು ಕೂತೇ ಇರುವುದು.

ಗಾಯ ಮಾಗುವ ಹೊತ್ತಿಗೆ ಡಾಕ್ಟರು ಇನ್ನೊಂದು ಮಾತು ಎತ್ತಿದರು. ಅಲ್ಲಿ ಒಂದು ಹೊಸ ಲಸಿಕೆಯ ಪ್ರಯೋಗ ನಡೆಯುತ್ತಿತ್ತು. ಇದು ಕ್ಯಾನ್ಸರು ಬಾರದಂತೆ ತಡೆಯುವ ಲಸಿಕೆ ಅಲ್ಲ, ಬಂದವರಿಗೆ ಹಾಕುವುದು. ಅಳಿದುಳಿದ ಕಣಗಳನ್ನು ಮೈಯೇ ಹುಡುಕಿ ಹೊಡೆಯುವಂತೆ ಕಲಿಸುವುದು. ಅದರಲ್ಲಿ ಇರುವುದು ಡಿಎನ್‌ಎ ಅಂತೆ.

"ಸತ್ತ ರೋಗಾಣು ಇರ್ತದಾ ಒಳಗೆ?" ನಾನು ನನ್ನ ಲಸಿಕೆಯ ಲೆಕ್ಕದಲ್ಲಿ ಕೇಳಿದೆ.

"ಇಲ್ಲ ಮಾರಾಯ್ರೆ. ನಾವು ಅಡಿಗೆ ಕಳಿಸುದಲ್ಲ, ಅಡಿಗೆ ಮಾಡುವ ಕ್ರಮ ಮಾತ್ರ ಕಳಿಸುದು. ನಿಮ್ಮ ಮೈಯೇ ಅದನ್ನು ಓದಿ ಒಂದು ಚೂರು ಮಾಡ್ತದೆ. ಕ್ಯಾನ್ಸರಿನ ಮೇಲೆ ಇರುವಂಥದೇ ಚೂರು. ಮೈಯ ಕಾವಲಿನವರಿಗೆ ಅದು ಗುರ್ತ."

"ಕೆಲ್ಸ ಮಾಡ್ತದಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದು ಗೊತ್ತಿಲ್ಲ. ಗೊತ್ತಾಗ್ಬೇಕು ಅಂತ್ಲೇ ಮಾಡುದು. ಬೇಡ ಅಂದ್ರೆ ಬೇಡ, ನಿಮ್ಮನ್ನು ನೋಡಿಕೊಳ್ಳುದು ನಾವು ಹಾಗೇ ನೋಡಿಕೊಳ್ತೇವೆ."

ಇಷ್ಟು ವರ್ಷ ಲಸಿಕೆ ಹಾಕಿ ಬಂದ ನಾನು ಒಬ್ಬರಿಗೂ "ಗೊತ್ತಿಲ್ಲ" ಎಂದು ಹೇಳಿರಲಿಲ್ಲ. ಆ ಮಾತು ನನಗೆ ಯಾವ ಭರವಸೆಗಿಂತಲೂ ಧೈರ್ಯ ಕೊಟ್ಟಿತು. ಕಾರಣ ಈಗಲೂ ಹೇಳಲಾರೆ. ಹೂಂ ಎಂದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಸೀತೂರಿನ ಬೇಸಾಯಗಾರರ ಮನೆಯ ಮಗಳು, ಗದ್ದೆ ಕೆಲಸದಲ್ಲಿ ಗಟ್ಟಿಯಾದ ಜೀವ. ಡಿಎನ್‌ಎ, ಕಾವಲು, ಗುರುತು ಎಲ್ಲ ಕೇಳಿಸಿಕೊಂಡರು. ಮೆಣಸಿನಕಾಯಿ ತೊಟ್ಟು ಮುರಿಯುತ್ತಲೇ ಕೇಳಿದರು.

"ಚುಚ್ಚಿಸ್ಕೊಂಡ್ ಬರುವಾಗ ತುಂಗೆ ದಾಟ್ಬೇಕಲ್ಲೆ?"

ನಾನು ಹಣೆ ಚಚ್ಚಿಕೊಂಡೆ. "ಅತ್ತೆ, ನಿಮ್ಗೂ ಅದೇ ಆಯ್ತಾ? ನಾನು ನರ್ಸು."

"ನರ್ಸಾದ್ರೆ ಹೊಳೆ ಬತ್ತದಾ? ನನ್ ಕೈಯಾರೆ ಅದರ ಮೇಲೆ ಗೇರೆಣ್ಣೆ ಹಚ್ಚಿದೀನಿ ಮಾರಾಯ್ತಿ. ಇದೊಂದ್ ಮಾತ್ ಕೇಳು."

ಅವರ ಕೈ ನಿಂತಿತ್ತು. ಅಷ್ಟು ತಿಂಗಳು ಅವರು ಒಳಗೇ ಏನು ಹೊತ್ತುಕೊಂಡು ಓಡಾಡುತ್ತಿದ್ದರೆಂದು ನನಗೆ ಆಗ ಗೊತ್ತಾಯಿತು. ಗೇರೆಣ್ಣೆಯಿಂದ ಕ್ಯಾನ್ಸರು ಬಂದಿಲ್ಲ ಅಂತ ಎಷ್ಟು ಹೇಳಿದರೂ ಅವರಿಗೆ ಕೇಳುತ್ತಿರಲಿಲ್ಲ. ಅವರಿಗೆ ಮಾಡಲು ಏನಾದರೂ ಬೇಕಿತ್ತು. ನಾನು ಒಪ್ಪಿದೆ.

ಉಪಾಯವನ್ನೂ ಅವರೇ ಹೂಡಿದರು. ಅವರ ತಂಗಿಯ ಮನೆ ಶೃಂಗೇರಿಯಲ್ಲಿ, ತುಂಗೆಯ ಈಚೆ ದಡದಲ್ಲಿ, ಎಂದರೆ ಘಟ್ಟ ಹತ್ತಿ ಬಂದವರಿಗೆ ಹೊಳೆ ದಾಟದೆ ಸಿಗುವ ಕಡೆ. ಚುಚ್ಚಿದ ಜಾಗದ ಬಾವು ಇಳಿಯುವ ತನಕ ಅಲ್ಲಿರುವುದು. ಬಾವು ಇಳಿದರೆ ಮದ್ದು ಮೈಗೆ ಹಿಡಿಯಿತೆಂದು ಅರ್ಥ, ಆಮೇಲೆ ಎಷ್ಟು ಹೊಳೆ ಬೇಕಾದರೂ ದಾಟಬಹುದು. ಡಾಕ್ಟರಿಗೆ ಹೀಗೆಂದು ಹೇಳಿದಾಗ ನಾಚಿಕೆಯಾಯಿತು. ಅವರು ನಗಲಿಲ್ಲ. "ಲಸಿಕೆ ಫ್ರಿಜ್ಜಿಂದ ತೆಗೆದು ಎಷ್ಟು ಹೊತ್ತು ಇಡಬಹುದು ಅಂತ ನಮ್ಮ ನಿಯಮದಲ್ಲಿ ಉಂಟು. ಹೊಳೆ ವಿಷಯ ಎಂತದೂ ಇಲ್ಲ. ಹತ್ರ ಇದ್ರೆ ನಮಗೇ ಒಳ್ಳೇದು, ಜ್ವರ ಬಂದ್ರೆ ಬೇಗ ಬರಬಹುದು" ಎಂದರು.

ಮೊದಲ ಸಲ ಚುಚ್ಚುವಾಗ ನಾನು ಸೀಸೆಯನ್ನೇ ನೋಡುತ್ತಿದ್ದೆ. ನೀರಿನ ಹಾಗೆ ತಿಳಿಯಾಗಿತ್ತು. ಇಷ್ಟು ತಿಳಿಯಾದದ್ದರಲ್ಲಿ ಏನನ್ನು ಬರೆದಿಟ್ಟಿರಬಹುದು ಅನ್ನಿಸಿತು. ಬಲ ತೊಡೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಡಾಕ್ಟರು ಹೇಳಿದರು, "ಇರುವೆ ಕಚ್ಚಿದ ಹಾಗೆ, ಅಷ್ಟೇ."

ಅದು ನನ್ನ ಮಾತು! ಹಿನ್ನೀರಿನ ದಡದಲ್ಲಿ ಪ್ರತಿಯೊಬ್ಬರಿಗೂ ನಾನು ಹೇಳುವ ಸುಳ್ಳು. ನಗು ತಡೆಯಲಾಗದೆ ತೊಡೆ ಅಲ್ಲಾಡಿ, ಡಾಕ್ಟರು ಸೂಜಿ ಹಿಂದೆ ತೆಗೆದು ಗದರಿಸಿದರು. ನಗು ನಿಂತ ಮೇಲೆ ಚುಚ್ಚಿದರು. ಒಂದು ಇರುವೆಯಲ್ಲ, ಚಗಳಿ ಎನ್ನುವ ಕೆಂಪಿರುವೆಯ ಗೂಡಿಗೇ ಕೈ ಹಾಕಿದಂತಿತ್ತು.

ಶೃಂಗೇರಿಯ ಆ ಮನೆಯಲ್ಲಿ ಚಿಕ್ಕತ್ತೆ ನನಗೂ ಆರೈಕೆಗೆ ಬಂದ ಅತ್ತೆಗೂ ಮಹಡಿಯ ಕೋಣೆ ಬಿಟ್ಟುಕೊಟ್ಟಿದ್ದರು. ಕಿಟಕಿ ತೆರೆದರೆ ಹೆಂಚುಗಳ ಸಂದಿಯಲ್ಲಿ ತುಂಗೆಯ ಒಂದು ತುಂಡು ಕಾಣುತ್ತಿತ್ತು. ಮಧ್ಯಾಹ್ನ ಸಣ್ಣ ಜ್ವರ ಬರುತ್ತಿತ್ತು. ಬಂದರೆ ಅತ್ತೆಗೆ ಸಂತೋಷ. "ಒಳಗೆ ಓದ್ತಾ ಇದಾವೆ" ಎನ್ನುವರು. ಅಡುಗೆ ಕ್ರಮದ ಮಾತನ್ನು ನಾನು ಒಮ್ಮೆ ಹೇಳಿದ್ದು, ಅವರು ಅದನ್ನು ಪೂರ್ತಿ ತಮ್ಮದು ಮಾಡಿಕೊಂಡಿದ್ದರು. "ಉಪ್ಪು ಎಷ್ಟು ಹಾಕ್ಬೇಕು ಅಂತ ಸರಿ ಓದ್ಲಿ" ಎಂದು ನನ್ನ ತೊಡೆ ನೇವರಿಸುವರು.

ಆ ಜ್ವರದ ಮಧ್ಯಾಹ್ನಗಳು ನನಗೆ ಈಗಲೂ ಇಷ್ಟ. ಹೀಗೆ ಬರೆಯುವುದು ವಿಚಿತ್ರವೇ, ಆದರೆ ನಿಜ. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಕಡೆ ನಾನು ಇರುತ್ತಿದ್ದೆ. ನಾನು ಲಸಿಕೆ ಹಾಕಿದ ಊರುಗಳೆಲ್ಲ ನನ್ನ ಮೈಯೊಳಗೇ ಇದ್ದವು. ಮೊಣಕಾಲಿನ ಹತ್ತಿರ ಒಂದು ಶಾಲೆ, ಹೊಟ್ಟೆಯ ಬಲಕ್ಕೆ ಕಾಫಿ ತೋಟ, ನಡುವೆ ಹಿನ್ನೀರು. ಯಾರೋ ಮನೆ ಮನೆಯ ಬಾಗಿಲು ತಟ್ಟಿ ಒಂದು ಕಪ್ಪು ಮಚ್ಚೆಯನ್ನು ತೋರಿಸಿ ಕೇಳುತ್ತಿದ್ದರು: ಇಂಥವನನ್ನು ಕಂಡಿರಾ? ಕೆಲವರು ಕಂಡಿಲ್ಲ ಎಂದು ಬಾಗಿಲು ಹಾಕಿಕೊಳ್ಳುವರು. ಕೆಲವರು ದೋಣಿ ಹತ್ತುವರು. ನಾನು ದಡದಲ್ಲಿ ನಿಂತು, ದಾಟಬೇಡಿ, ದಾಟಬೇಡಿ ಎಂದು ಕೂಗುತ್ತಿದ್ದೆ. ಎಚ್ಚರವಾದರೆ ಹಣೆ ಬೆವತು ಜ್ವರ ಇಳಿದಿರುತ್ತಿತ್ತು.

ಸಂಜೆ ಅತ್ತೆ ನನ್ನನ್ನು ಹೊಳೆಯ ಮೆಟ್ಟಿಲಿಗೆ ಕರೆದುಕೊಂಡು ಹೋಗುವರು. ಊರುಗೋಲು ಹಿಡಿದು ಕೂರುತ್ತಿದ್ದೆ. ದೊಡ್ಡ ದೊಡ್ಡ ಮೀನುಗಳು ಮೆಟ್ಟಿಲ ಬುಡಕ್ಕೆ ಬಂದು ಬಾಯಿ ತೆರೆಯುತ್ತಿದ್ದವು, ಅಲ್ಲಿ ಅವನ್ನು ಯಾರೂ ಹಿಡಿಯುವುದಿಲ್ಲ. ಮಂಡಕ್ಕಿ ಹಾಕಿದರೆ ನೀರು ಕುದಿದಂತಾಗುತ್ತಿತ್ತು. ಎದುರಿನ ದಡ ಕೂಗಳತೆಯಲ್ಲಿ ಇತ್ತು. ಅದರ ಆಚೆ ಎಲ್ಲೋ ನನ್ನ ಮನೆ, ನನ್ನ ಡಬ್ಬಿ, ಒಲೆಯ ಮುಂದೆ ಸುಟ್ಟ ರೊಟ್ಟಿ ತಿನ್ನುತ್ತಿರುವ ಗಂಡ.

ಎರಡನೇ ಡೋಸಿನ ಹೊತ್ತಿಗೆ ಒಂದು ಗಲಾಟೆ ಆಯಿತು. ನಮ್ಮನೆಯವರು ಊಟಕ್ಕೆ ಕೂತಾಗ, "ಸೀತಾನದೀಲಿ ನೀರು ಈ ಸಲ ಚೆನ್ನಾಗಿದೆ" ಎಂದುಬಿಟ್ಟರು. ಅತ್ತೆಯ ಸೌಟು ಅಲ್ಲೇ ನಿಂತಿತು.

"ಯಾವ ನದಿ?"

ಘಟ್ಟದ ಬುಡದಲ್ಲಿ ಸೀತಾನದಿ ಇದೆ. ಆಸ್ಪತ್ರೆಯಿಂದ ಬರುವಾಗ ಅದನ್ನು ದಾಟಿಯೇ ಬರಬೇಕು. ಅತ್ತೆ ಘಟ್ಟ ಇಳಿದವರಲ್ಲ, ನಮಗೆ ಆ ಮಾತು ಹೊಳೆದೇ ಇರಲಿಲ್ಲ. ಮಗನಿಗೆ ಸಿಕ್ಕಾಪಟ್ಟೆ ಬೈದರು. ಚಿಕ್ಕತ್ತೆ ನೀರು ಕೊಟ್ಟು ಸಮಾಧಾನ ಮಾಡಿದರು. ನಂಬದ ಕಟ್ಟಳೆ ಮುರಿದದ್ದಕ್ಕೆ ನನಗೇಕೆ ಭಯವಾಗಬೇಕು? ಆಯಿತು, ಸಾರಿನ ಬಟ್ಟಲು ಕೆಳಗಿಟ್ಟೆ.

ಅತ್ತೆ ಕೈ ತೊಳೆದು ಬಂದು ಕೂತರು. ಆಮೇಲೆ ಮಗನನ್ನು ಕೇಳಿದರು, "ಆ ನೀರು ಎತ್ಲಾಗೆ ಹರೀತದೆ?"

"ಸಮುದ್ರಕ್ಕೆ. ಪಡುವಲಿಗೆ."

"ತುಂಗೆ?"

"ಮೂಡಲಿಗೆ."

"ಹಂಗಾದ್ರೆ ತೊಂದ್ರೆ ಇಲ್ಲ ಬಿಡು" ಎಂದರು ಅತ್ತೆ, ಮುಖ ಅರಳಿಸಿ. "ಆ ನೀರು ಬೇರೆ, ಈ ನೀರು ಬೇರೆ. ಅದು ನಮ್ ಹೊಳೆ ಅಲ್ಲ. ನಮ್ ಮದ್ದು ಅದರ ಜೊತೆ ಹೋಗಲ್ಲ."

ಘಟ್ಟದ ನೆತ್ತಿಯಲ್ಲಿ ನೀರು ಎರಡಾಗಿ ಒಡೆಯುವುದನ್ನು ಅವರು ಒಂದು ನಿಮಿಷದಲ್ಲಿ ನನ್ನ ಪರವಾಗಿ ತೀರ್ಪು ಮಾಡಿಕೊಂಡರು. ನಾನು ಮತ್ತೊಂದು ಸೌಟು ಅನ್ನ ಹಾಕಿಸಿಕೊಂಡೆ.

ಡೋಸುಗಳು ಹೀಗೆ ಸಾಗಿದವು. ಆಸ್ಪತ್ರೆಯ ಬೆಂಚಿನಲ್ಲಿ ಮೀನಿನ ಅಜ್ಜ ಸಿಗುತ್ತಿದ್ದರು, ಅವರೂ ಅದೇ ಪ್ರಯೋಗದಲ್ಲಿದ್ದರು. ನನ್ನ ಹೊಳೆಯ ಕಥೆ ಕೇಳಿ, "ನನ್ನ ಮನೆ ಅಳಿವೆಯಲ್ಲಿ ಉಂಟು, ಹೊಳೆ ಸಮುದ್ರ ಸೇರುವಲ್ಲಿ. ಮೂರು ಕಡೆ ನೀರು. ನಾನು ಎಂತ ಮಾಡುದು?" ಎಂದು ನಕ್ಕಿದ್ದರು. ಒಂದು ಸಲ ಬೆಂಚು ಖಾಲಿ ಇತ್ತು. ಮುಂದಿನ ಸಲವೂ ಖಾಲಿ. ನಾನು ಯಾರನ್ನೂ ಕೇಳಲಿಲ್ಲ. ಫ್ಯಾನಿಗೆ ಯಾರೋ ಎಣ್ಣೆ ಬಿಟ್ಟಿದ್ದರು, ಸದ್ದು ನಿಂತಿತ್ತು. ಅದನ್ನು ಅವರಿಗೆ ಹೇಳಬೇಕು ಅನ್ನಿಸಿ ಅಳು ಬಂತು.

ಕೊನೆಯ ಡೋಸು ಹಾಕಿಸಿಕೊಂಡು ಶೃಂಗೇರಿಗೆ ಬಂದೆ. ಈ ಸಲ ಬಾವು ಬರಲೇ ಇಲ್ಲ. ಜ್ವರವೂ ಇಲ್ಲ. ಅತ್ತೆ ಬೆಳಿಗ್ಗೆ ಸಂಜೆ ತೊಡೆ ಮುಟ್ಟಿ ನೋಡಿದರು. ಬಾವು ಇಳಿದ ಮೇಲೆ ಹೊರಡುವುದು ಎನ್ನುವುದು ಕಟ್ಟಳೆ. ಬಾರದ ಬಾವು ಇಳಿಯುವುದು ಹೇಗೆ?

"ಬತ್ತದೆ. ಕಾಯಣ" ಎಂದರು.

ಕಾದೆವು. ಬಾವು ತೊಡೆಗೆ ಬರಲಿಲ್ಲ. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಬಲ ತೊಡೆಸಂದಿನಲ್ಲಿ ನನ್ನ ಬೆರಳಿಗೆ ಒಂದು ಗಂಟು ಸಿಕ್ಕಿತು. ಹುಣಸೆ ಬೀಜದಷ್ಟು, ಗಟ್ಟಿ.

ಬಿಸಿನೀರು ಸುರಿದುಕೊಳ್ಳುವುದನ್ನು ನಿಲ್ಲಿಸಿ ನಿಂತೆ. ಎಡಗಡೆಯಲ್ಲಿ ಕಾಯಿಲೆ ಹೀಗೇ ಬಂದು ಕೂತಿತ್ತು. ಈಗ ಬಲಗಡೆ. ಹಾಗಾದರೆ ಅದು ದಾಟಿಬಿಟ್ಟಿತು ಅಂದುಕೊಂಡೆ. ನಾನು ದಾಟದೆ ಈಚೆ ದಡದಲ್ಲಿ ಕಾಯುತ್ತಾ ಕೂತಿದ್ದಾಗ ಅದು ನನ್ನೊಳಗೇ ಆಚೆ ದಡಕ್ಕೆ ದಾಟಿಬಿಟ್ಟಿತು.

ಅವತ್ತೇ ಘಟ್ಟ ಇಳಿದೆವು. ಡಾಕ್ಟರು ಗಂಟು ಮುಟ್ಟಿದರು, ಮುಖದಲ್ಲಿ ಏನೂ ತೋರಿಸಲಿಲ್ಲ, ಸಣ್ಣ ಸೂಜಿಯಲ್ಲಿ ಅದರ ರಸ ತೆಗೆದರು. ಫಲಿತಾಂಶ ಬಂದ ಮೇಲೆ ಫೋನು ಮಾಡುತ್ತೇವೆ ಎಂದರು. ಆಗ ನಮ್ಮ ಕಡೆ ಮೊಬೈಲಿಗೆ ಸಿಗ್ನಲ್ಲು ಬೇಕೆಂದರೆ ಗುಡ್ಡ ಹತ್ತಬೇಕಿತ್ತು. ಚಿಕ್ಕತ್ತೆಯ ಮನೆಯ ಲ್ಯಾಂಡ್‌ಲೈನಿನ ನಂಬರು ಕೊಟ್ಟು ವಾಪಸು ಬಂದೆವು.

ಆ ಕಾಯುವಿಕೆಯ ಬಗ್ಗೆ ಹೆಚ್ಚು ಬರೆಯಲಾರೆ. ಫೋನು ಬಡಿದಾಗೆಲ್ಲ ಮನೆಯಲ್ಲಿ ಎಲ್ಲರೂ ನಿಂತಲ್ಲೇ ನಿಲ್ಲುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಮೀನು ನೋಡುತ್ತಿದ್ದೆ. ಮಂಜು ಹೊಳೆಯ ಮೇಲೆ ಬಂದು ಎದುರಿನ ದಡ ಅಳಿಸಿಹೋಗುತ್ತಿತ್ತು. ಹಾಗೆ ಅಳಿಸಿಹೋದಾಗ ನನಗೆ ನೆಮ್ಮದಿ, ದಾಟಲು ದಡವೇ ಇಲ್ಲವಲ್ಲ ಎಂದು. ಒಂದು ಸಂಜೆ ಅತ್ತೆ ಪಕ್ಕ ಕೂತು ನನ್ನ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹೊಸ ಚರ್ಮದ ಮೇಲೆ ಕೈ ಆಡಿಸಿದರು.

"ನಾನು ಸಾಯ್ತೀನಾ ಅತ್ತೆ?"

"ಗೊತ್ತಿಲ್ಲ ಕಣೆ" ಎಂದರು. "ಗೊತ್ತಿದ್ರೆ ಹೇಳ್ತಿದ್ದೆ."

ಅವರ ಸೀರೆಗೆ ಹೊಗೆಯ ವಾಸನೆ ಇತ್ತು. ಕಾಲು ಅವರ ತೊಡೆಯ ಮೇಲೇ ಇತ್ತು.

ಫೋನು ಬಂದದ್ದು ಮಧ್ಯಾಹ್ನ, ಮಜ್ಜಿಗೆ ಅನ್ನದ ಹೊತ್ತಿಗೆ. ಡಾಕ್ಟರೇ ಮಾತಾಡಿದರು. ಗಂಟಿನಲ್ಲಿ ಕ್ಯಾನ್ಸರು ಇಲ್ಲ. ಲಸಿಕೆ ಹಾಕಿದ ಕಡೆಯ ಗ್ರಂಥಿ ಊದಿಕೊಂಡದ್ದು ಅಷ್ಟೇ. "ಕಾವಲಿನವರು ಅಲ್ಲಿ ಗುಂಪು ಸೇರಿದ್ದು. ಜಾತ್ರೆ ಜನ ಅಂತ ಇಟ್ಟುಕೊಳ್ಳಿ" ಎಂದರು. ನಾನು ಫೋನು ಇಟ್ಟು ನೆಲದ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ನಮ್ಮನೆಯವರು ಬಾಗಿಲಿಗೆ ತಿರುಗಿ ನಿಂತು ಮೂಗು ಒರೆಸಿಕೊಂಡರು. ಅತ್ತೆ ವಿಷಯ ಕೇಳಿದರು, ತಲೆದೂಗಿದರು, ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

"ನಾನು ಹೇಳ್ಲಿಲ್ವಾ, ಬಾವು ಬತ್ತದೆ ಅಂತ? ಸ್ವಲ್ಪ ಮೇಲೆ ಬಂತು, ಅಷ್ಟೇ."

ಗಂಟು ಮೆಲ್ಲಗೆ ಕರಗಿತು. ಪೂರ್ತಿ ಕರಗುವ ತನಕ ನಾನು ಹೊಳೆ ದಾಟಲಿಲ್ಲ, ದಾಟಬೇಡವೆಂದು ಯಾರೂ ಹೇಳಿಯೂ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಸ್ಸು ತುಂಗೆಯ ಸೇತುವೆಯ ಮೇಲೆ ಹೋಗುವಾಗ ಕಿಟಕಿಯಿಂದ ಕೆಳಗೆ ನೋಡಿದೆ. ನೀರು ಅದರಷ್ಟಕ್ಕೆ ಮೂಡಲಿಗೆ ಹೋಗುತ್ತಿತ್ತು. ನಮ್ಮನೆಯವರು ನನ್ನ ಕೈ ಹಿಡಿದಿದ್ದರು, ಕೊಪ್ಪದ ತನಕ ಬಿಡಲಿಲ್ಲ.

ಇದು ಹಳೆಯ ಮಾತು. ಕಾಯಿಲೆ ಈವರೆಗೆ ಹಿಂತಿರುಗಿಲ್ಲ. ನನ್ನನ್ನು ಉಳಿಸಿದ್ದು ಆ ಲಸಿಕೆಯೇ ಎಂದು ಹೇಳುವ ಆಸೆ ನನಗೂ ಇದೆ. ಆದರೆ ಡಾಕ್ಟರು ಹಾಗೆ ಹೇಳಲಿಲ್ಲ, ನಾನೂ ಹೇಳಬಾರದು. ಪ್ರಯೋಗ ಮುಗಿಯಿತು. ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. ಯಾಕೆ ಹಾಗೆ ಎನ್ನುವುದನ್ನು ಇನ್ನೂ ಹುಡುಕುತ್ತಿದ್ದಾರೆ ಎಂದರು. ಆಪರೇಷನ್ನಿನ ಕತ್ತಿಯೋ, ಲಸಿಕೆಯೋ, ಅದೃಷ್ಟವೋ, ಅತ್ತೆಯ ಹೊಳೆಯೋ, ನನಗೆ ಗೊತ್ತಿಲ್ಲ. ಹೀಗೆ ಗೊತ್ತಿಲ್ಲದೆ ಇರುವುದೂ ಅಭ್ಯಾಸವಾಗುತ್ತದೆ, ಇದನ್ನು ಓದುತ್ತಾ ಯಾವುದೋ ಆಸ್ಪತ್ರೆಯ ಬೆಂಚಿನಲ್ಲಿ ಕೂತವರಿಗೆ ನಾನು ಹೇಳಬಲ್ಲದ್ದು ಅಷ್ಟೇ. ಅತ್ತೆ ಈಗಲೂ ಮಳೆಗಾಲದಲ್ಲಿ ಗೇರೆಣ್ಣೆ ಹಚ್ಚುತ್ತಾರೆ, ಬಲಗಾಲಿಗೆ ಮಾತ್ರ.

ಕೆಲಸಕ್ಕೆ ಮರಳಿದ ವರ್ಷ, ಮಂಗನ ಕಾಯಿಲೆಯ ಲಸಿಕೆಯ ಕಾಲ ಬಂತು. ಮೆತ್ತನೆ ಅಟ್ಟೆಯ ಚಪ್ಪಲಿ ಹಾಕಿ, ಕಾಲಿನ ಅಂಚಿನ ಮೇಲೆ ಭಾರ ಬಿಟ್ಟು ನಡೆಯಲು ಕಲಿತಿದ್ದೆ. ಡಬ್ಬಿಗೆ ಐಸ್ ತುಂಬಿ ಹಿನ್ನೀರಿಗೆ ಹೋದೆ. ಶಾಲೆಯ ಜಗಲಿಯ ಕಡೆ ತಿರುಗದೆ ನೇರವಾಗಿ ದೋಣಿಗೆ ಹೋಗಿ ಕೂತೆ. ದೋಣಿಯವನಿಗೆ ಆಶ್ಚರ್ಯ, ಆದರೂ ಹುಟ್ಟು ಹಾಕಿದ. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ನೀರು ನೋಡುತ್ತಾ ಹೋದೆ.

ಆಚೆ ದಡದಲ್ಲಿ ಗಿರಿಜಕ್ಕ ಪಾತ್ರೆ ಬೆಳಗುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಇದೆಂತ, ನೀವೇ ದಾಟ್ಕೊಂಡ್ ಬಂದ್ರಿ?"

"ಚುಚ್ಚಿಸ್ಕೊಂಡವರು ದಾಟ್ಬಾರ್ದಲ್ಲ. ಚುಚ್ಚುವವರು ದಾಟ್ಬೋದು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಕೇರಿಯ ಕಡೆ ತಿರುಗಿ ಕೂಗು ಹಾಕಿದಳು. ಜನ ಬಂದರು, ಹಲಸಿನ ಮರದ ಬುಡದಲ್ಲಿ ಕೂತರು. ಎಲ್ಲರಿಗಿಂತ ಮೊದಲು ಅವಳೇ ರವಿಕೆಯ ತೋಳು ಮಡಚಿ ಮುಂದೆ ಬಂದಳು.

"ನೋವಾತದಾ ಸಿಸ್ಟ್ರೇ?"

"ಆಗ್ತದೆ. ಚೆನ್ನಾಗೇ ಉರೀತದೆ. ನಾಳೆ ತನಕ ಕೈ ಎತ್ತಕ್ಕಾಗಲ್ಲ."

"ಹಂಗ್ ಹೇಳಿ ಮತ್ತೆ" ಎಂದಳು. ಚುಚ್ಚಿದೆ. ಹಲ್ಲು ಕಚ್ಚಿ ನನ್ನ ತಾಯಿಗೊಂದು ಬೈಗುಳ ಹೇಳಿ, ತೋಳು ಉಜ್ಜಿಕೊಂಡಳು. ಎದ್ದು ಹೋಗಲಿಲ್ಲ.

"ಕಾಲು ತೋರ್ಸಿ."

ಕೇರಿಯವರೆಲ್ಲ ನೋಡುತ್ತಿದ್ದರು. ನಾನು ಚಪ್ಪಲಿ ಬಿಚ್ಚಿ ಎಡಗಾಲು ಚಾಚಿದೆ. ಗಿರಿಜಕ್ಕ ಕುಕ್ಕರಗಾಲಿನಲ್ಲಿ ಕೂತು, ಬೂದಿ ಮೆತ್ತಿದ ಒದ್ದೆ ಕೈಯಲ್ಲಿ ನನ್ನ ಕಾಲನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ತೊಡೆಯಿಂದ ತಂದ ಚರ್ಮ, ಸುತ್ತ ಹೊಲಿಗೆಯ ಗುರುತು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದಳು.

"ಗೇರೆಣ್ಣೆ ಹೋಗಿದೆ" ಎಂದಳು.

ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಮುಂದಿನವರನ್ನು ಕರೆದಳು.